ಒಂದಕ್ಷರದ ಜಾಗ

ಕಿಟಕಿಯಾಚೆ ಏಣಿ ಹತ್ತಿದ್ದಾನೆ ಪೇಂಟರ್ ಮೊಯ್ದು.
ಕಾಲೇಜಿನ ಬೋರ್ಡಿನಲ್ಲಿ ವಿರಾಜಪೇಟೆ ತಾಲ್ಲೂಕು ಹೋಗಿ
ಪೊನ್ನಂಪೇಟೆ ತಾಲ್ಲೂಕು ಬರಬೇಕು, ಆದೇಶ ಬಂದಿದೆ.
'ಪೇಟೆ ಎರಡಕ್ಕೂ ಇದೆಯಲ್ಲ ಮೇಡಂ,
ಅದನ್ನು ಮುಟ್ಟೋದಿಲ್ಲ, ಬಣ್ಣ ಉಳಿಯುತ್ತೆ.'

ಒಳಗೆ ನಾನು ಕರಿಹಲಗೆಯ ಮೇಲೆ
ಚೀನಾ ದೇಶವನ್ನು ತುಂಡು ಮಾಡುತ್ತಿದ್ದೆ.

ಮೊದಲು ಒಂಬತ್ತು.
ಪ್ರಳಯದ ನೀರಿಗೆ ದಾರಿ ತೋಡಿದ ಯೂ ಎಂಬ ಅರಸ
ಕೆಸರುಗಾಲಲ್ಲೇ ನಡೆದು ವಿಂಗಡಿಸಿದನಂತೆ:
ಇಲ್ಲಿ ಮಣ್ಣು ಬಿಳಿ, ಇಲ್ಲಿ ಕಪ್ಪು, ಆ ಕೊನೆಯಲ್ಲಿ ಹಳದಿ.
ಗಡಿಯೆಂದರೆ ಆಗ ಹೊಳೆ, ಇಲ್ಲವೇ ಬೆಟ್ಟ,
ಕಪ್ಪವೆಂದರೆ ಆ ಮಣ್ಣು ಏನು ಕೊಟ್ಟೀತೋ ಅದು.
ಲೆಕ್ಕ ಮಾತ್ರ ಅವನ ಕಾಲದ್ದಲ್ಲ,
ಎಷ್ಟೋ ತಲೆಮಾರು ಕಳೆದು ಯಾರೋ ಬರೆದು
ಅವನ ಹೆಸರಿಗೆ ಖಾತೆ ಮಾಡಿಸಿದ್ದು.

ಆಮೇಲೆ ಮೂವತ್ತಾರು.
ಮೊದಲ ಚಕ್ರವರ್ತಿಗೆ ಸಾಮಂತರೆಂದರೆ ಆಗದು,
ಸಂಬಳದವರನ್ನು ಕೂರಿಸಿದ.
ಆಮೇಲೆ ಹಾನರ ಹದಿಮೂರು,
ತಪಾಸಣೆಗೆಂದು ಬಂದವನು
ನಿಧಾನಕ್ಕೆ ಬಿಡಾರ ಹೂಡಿ ದೊರೆಯಾದ.
ಆಮೇಲೆ ಒಡೆದು, ಒಡೆದು, ಇನ್ನೂರು ದಾಟಿ
ಝೌ ಎಂಬ ಶಬ್ದ ಉಳಿಯಿತು, ಒಳಗಿನ ನೆಲ ಇಂಗಿತು,
ನಮ್ಮ ನಾಡು ಎಂಬುದು
ಪಹಣಿಯ ಮೂಲೆಯ ಹೋಬಳಿಯಾದ ಹಾಗೆ.

'ನಮ್ಮದು ಮೂವತ್ತೈದಲ್ಲವಾ ಮೇಡಂ?' ದೇಚಮ್ಮ ಎದ್ದಳು.
'ಹನ್ನೆರಡು ಕೊಂಬು, ಮೂವತ್ತೈದು ನಾಡು,
ಅಜ್ಜ ಬೆರಳು ಮಡಿಚಿ ಎಣಿಸ್ತಾರೆ.
ಒಂದು ಎಲ್ಲಿ ಕಳೆದುಹೋಯಿತು?'
ತರಗತಿ ನಕ್ಕಿತು. ನಾನೂ.

ನಮ್ಮ ತೋಟದ ಬೆನ್ನಿಗೊಂದು ಕಡಂಗವಿದೆ,
ಎರಡು ನಾಡು ಹೊಡೆದಾಡಿಕೊಂಡು ತೋಡಿದ್ದು, ಆಳುದ್ದ.
ಯಾವ ನಾಡು, ಯಾವುದರ ಮೇಲೆ,
ಅಪ್ಪನಿಗೂ ಗೊತ್ತಿರಲಿಲ್ಲ.
ಈಗ ಅಲ್ಲಿ ಮುಳ್ಳುಹಂದಿಯ ಸಂಸಾರ.
ಸರ್ವೆಯವನು ಟೇಪು ಹಿಡಿದು ಬಂದು, ಜಾರಿ ಬಿದ್ದು,
'ಖರಾಬು' ಎಂದು ಬರೆದುಕೊಂಡು ಹೋದ.

ಝೌ ಬರೆದು ತೋರಿಸಿದೆ:
ಮೂರು ಹರಿಯುವ ಗೆರೆ, ನಡುನಡುವೆ ಚುಕ್ಕೆ.
ನೀರು. ನೀರಿನಲ್ಲಿ ತಲೆಯೆತ್ತಿ ನಿಂತ ನೆಲ.
ಪ್ರಾಂತವೆಂದರೆ ಮೊದಮೊದಲು ಅಷ್ಟೇ,
ಮುಳುಗದೆ ಉಳಿದದ್ದು.
ಲಕ್ಷ್ಮಣತೀರ್ಥದ ದಂಡೆಯ ಮಕ್ಕಳಿಗೆ
ಬಿಡಿಸಿ ಹೇಳಬೇಕಿಲ್ಲ,
ಆಗಸ್ಟಿನಲ್ಲಿ ಅವರ ಗದ್ದೆಯೇ ಆ ಅಕ್ಷರ.

ಇನ್ನು ಪುಸ್ತಕದಲ್ಲಿ ಎರಡೇ ಸಾಲಿರುವ ಸಂಗತಿ:
ಉತ್ತರವನ್ನು ಕಳೆದುಕೊಂಡು ನದಿ ದಾಟಿದ ಜನ
ದಕ್ಷಿಣದಲ್ಲಿ, ಯಾರದೋ ನೆಲದ ಅಂಚಿಗೆ ಕೂತು
ಬಿಟ್ಟು ಬಂದ ಪ್ರಾಂತದ ಹೆಸರನ್ನೇ ಇಟ್ಟುಕೊಂಡರು.
ಅಂಗೈಯಗಲ ಜಾಗ, ಕೆಲವಕ್ಕೆ ಅದೂ ಇಲ್ಲ;
ಹೆಸರು, ಮೊಹರು, ಒಬ್ಬ ಅಧಿಕಾರಿ,
ಬಿಳಿಯ ಕಡತದಲ್ಲಿ ಬೇರೆಯಾಗಿ ಬರೆದ ಕುಟುಂಬಗಳು.
ನಾಳೆ ನಾಡಿದ್ದು ಹಿಂದಿರುಗುವವರಂತೆ.
ಮೊಮ್ಮಕ್ಕಳೂ ಮುದುಕರಾದರು.
ಒಂದು ದಿನ ಗುಮಾಸ್ತ ಬಂದು ಓದಿದ:
ಎಲ್ಲಿದ್ದೀರೋ ಇನ್ನು ಅಲ್ಲಿಯವರೇ ನೀವು.

ಬೈರಿ, ಎಂದೂ ಬಾಯಿ ಬಿಡದವಳು,
'ನಮ್ಮ ಹಾಡಿ ಹಾಗೇ ಮೇಡಂ' ಎಂದಳು.
'ಕಾಡಿನಿಂದ ಎಬ್ಬಿಸಿ ಸಾಲು ಮನೆ ಕೊಟ್ಟರು.
ಕಾರ್ಡಿನಲ್ಲಿ ಕಾಲೊನಿ, ಎರಡನೇ ಬ್ಲಾಕು ಅಂತಿದೆ.
ಅಜ್ಜಿ ಮಾತ್ರ
ಬೋರ್‌ವೆಲ್ಲಿಗೆ ಅಲ್ಲಿಯ ಹಳ್ಳದ ಹೆಸರು ಹೇಳ್ತದೆ,
ರೇಷನ್ ಅಂಗಡಿಗೆ ಅಲ್ಲಿಯ ಜೇನುಮರದ್ದು.
ಹೊಸಬರು ದಾರಿ ಕೇಳಿದರೆ ತಪ್ಪಿಹೋಗ್ತಾರೆ.'

ಯಾರೂ ನಗಲಿಲ್ಲ.
ದೇಚಮ್ಮ ಬಗ್ಗಿ ನೋಟ್ಸಿನಲ್ಲಿ ಏನೋ ಬರೆದುಕೊಂಡಳು,
ಮೂವತ್ತಾರು ಎಂದಿರಬಹುದು.
ನಾನು ಇಣುಕಲಿಲ್ಲ.

ಗಂಟೆಯಾಯಿತು. ಹೊರಗೆ
ಮೊಯ್ದು ತಲೆ ಕೆರೆದುಕೊಂಡು ನಿಂತಿದ್ದ.
'ವಿರಾಜ ಮೂರಕ್ಷರ, ಪೊನ್ನಂ ಎರಡೇ.
ಒಂದಕ್ಷರದ ಜಾಗ ಮಿಕ್ಕಿತಲ್ಲ ಮೇಡಂ,
ಹೂವೊಂದು ಬಿಡಿಸಲಾ?'
ಬಿಳಿಯ ಕೆಳಗಿಂದ ಹಳೆಯ ವಿ
ಒಳಗೊಳಗೇ ಮೂಡಿ ನೋಡುತ್ತಿತ್ತು.

ಹಾಗೇ ಬಿಡಪ್ಪ ಎಂದೆ.
'ಮಳೆ ಹಿಡಿದರೆ ಇನ್ನೊಂದು ಕೋಟು ಬೇಕಾಗುತ್ತೆ'
ಎನ್ನುತ್ತ ಮೋಡ ನೋಡಿ
ಏಣಿ ಹೆಗಲಿಗೇರಿಸಿದ.